ಅಭ್ಯರ್ಥಿಯನ್ನೇ ಮರೆಮಾಡುವ ಸ್ವವಿವರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ – ಈ ನಾಲ್ಕು ಊರುಗಳ ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ ಜೆರಾಕ್ಸ್, ಡಿಟಿಪಿ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ ಎಂಬ ಫಲಕ ಹೊತ್ತ ಅಂಗಡಿಗಳಿಗೆ ಕೊರತೆಯಿಲ್ಲ. ಪಹಣಿಯ ಪ್ರತಿ, ಆಧಾರ್ ಅರ್ಜಿ, ಗೃಹಪ್ರವೇಶದ ಆಹ್ವಾನ ಪತ್ರಿಕೆ ಇವುಗಳ ನಡುವೆ ಅಲ್ಲಿ ಇನ್ನೊಂದು ಸರಕೂ ತಯಾರಾಗುತ್ತದೆ. ಕೆಲವರು ಅದನ್ನು ಬಯೋಡೇಟಾ ಎನ್ನುತ್ತಾರೆ, ಕೆಲವರು ರೆಸ್ಯೂಮೆ ಎನ್ನುತ್ತಾರೆ. ಅಂಗಡಿಯವನ ಕಂಪ್ಯೂಟರಿನಲ್ಲಿ ಮಾತ್ರ ಅದು ಒಂದೇ ಕಡತ. ಹೊಸ ಗಿರಾಕಿ ಬಂದಾಗ ಹಳೆಯವನ ಹೆಸರು, ವಿಳಾಸ, ಅಂಕಗಳನ್ನು ಅಳಿಸಿ ಹೊಸಬನದನ್ನು ತುಂಬಲಾಗುತ್ತದೆ. ಉಳಿದದ್ದೆಲ್ಲ ಹಾಗೆಯೇ ಇರುತ್ತದೆ. ಅವಸರದಲ್ಲಿ ಹಿಂದಿನವನ ತಂದೆಯ ಹೆಸರೂ ಉಳಿದುಹೋದ ಒಂದು ಪ್ರತಿ ನನ್ನ ಕೈಗೆ ಬಂದದ್ದುಂಟು.

ನಿವೃತ್ತಿಯ ನಂತರ ಈ ಭಾಗದ ಪದವಿ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳೊಂದಿಗೆ ಮಾತನಾಡುವ ಅವಕಾಶ ನನಗೆ ಆಗಾಗ ಒದಗುತ್ತಿರುತ್ತದೆ. ಹೋದಾಗಲೆಲ್ಲ ಅವರ ಸ್ವವಿವರಗಳನ್ನು ಕೇಳಿ ಪಡೆದು ಓದುತ್ತೇನೆ. ಮೊದಲ ಸಾಲಿನಲ್ಲಿ ಜೀವನದ ಗುರಿ: ಸವಾಲುಗಳಿಂದ ಕೂಡಿದ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಯ ಜೊತೆಗೆ ತನ್ನ ಏಳಿಗೆಯನ್ನೂ ಸಾಧಿಸುವುದು. ಸಾಮರ್ಥ್ಯಗಳು: ಕಠಿಣ ಪರಿಶ್ರಮ, ಪ್ರಾಮಾಣಿಕತೆ, ಆತ್ಮವಿಶ್ವಾಸ. ಹವ್ಯಾಸಗಳು: ಸಂಗೀತ ಕೇಳುವುದು, ಕ್ರಿಕೆಟ್, ಚದುರಂಗ. ಚದುರಂಗ ಎಂದು ಬರೆದಿದ್ದ ಹುಡುಗನೊಬ್ಬನನ್ನು ಕುದುರೆ ಹೇಗೆ ನಡೆಯುತ್ತದೆ ಎಂದು ಕೇಳಿದೆ. ಅವನು ನಕ್ಕು, ‘ಅದು ಅಂಗಡಿಯವರು ಹಾಕಿದ್ದು ಸರ್’ ಎಂದ. ತಂದೆಯ ಹೆಸರು, ತಾಯಿಯ ಹೆಸರು, ಧರ್ಮ, ಜಾತಿ, ವೈವಾಹಿಕ ಸ್ಥಿತಿ ಎಲ್ಲವೂ ಯಥಾಸ್ಥಾನದಲ್ಲಿ ಇರುತ್ತವೆ. ನಕ್ಷತ್ರ, ಗೋತ್ರಗಳನ್ನು ಸೇರಿಸಿದರೆ ಅದೇ ಕಾಗದವನ್ನು ವಧೂವರರ ಮಾಹಿತಿ ಕೇಂದ್ರಕ್ಕೂ ಕೊಡಬಹುದು.

ಕೊನೆಯಲ್ಲಿ, ಮೇಲೆ ತಿಳಿಸಿದ ವಿವರಗಳೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವೆಂದು ಘೋಷಿಸುತ್ತೇನೆ ಎಂಬ ಪ್ರಮಾಣ, ಸ್ಥಳ, ದಿನಾಂಕ, ಸಹಿ. ಈ ಸಾಲು ಎಲ್ಲಿಂದ ಬಂದಿತೆಂದು ಸರ್ಕಾರಿ ಸೇವೆಯಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಉದ್ಯೋಗವೆಂದರೆ ಬಹುಕಾಲ ಸರ್ಕಾರಿ ಉದ್ಯೋಗವೇ ಆಗಿತ್ತು. ಅರ್ಜಿಯೆಂದರೆ ನಿಗದಿತ ನಮೂನೆಯೇ ಆಗಿತ್ತು. ಪತ್ರಾಂಕಿತ ಅಧಿಕಾರಿಯಾಗಿದ್ದ ಕಾಲದಲ್ಲಿ ಹಸಿರು ಮಸಿಯಲ್ಲಿ ‘ನಿಜ ಪ್ರತಿ’ ಎಂದು ನಾನು ಸಹಿ ಮಾಡಿದ ನಕಲುಗಳಿಗೆ ಲೆಕ್ಕವಿಲ್ಲ. 2014ರ ನಂತರ ಸ್ವಯಂ ದೃಢೀಕರಣ ವ್ಯಾಪಕವಾಗಿ ಜಾರಿಗೆ ಬಂದು ಆ ಸಾಲು ಕರಗಿತು. ಆದರೆ ನಮೂನೆಯ ನೆರಳು ಮಾತ್ರ ಸ್ವವಿವರದ ಮೇಲೆ ಇನ್ನೂ ಬಿದ್ದಿದೆ. ಸರ್ಕಾರಿ ನಮೂನೆ ಅಭ್ಯರ್ಥಿಯನ್ನು ಇತರರಂತೆಯೇ ಕಾಣಿಸುವ ಸಲುವಾಗಿ ರಚಿತವಾದದ್ದು, ಸಮಾನ ಅವಕಾಶದ ದೃಷ್ಟಿಯಿಂದ ಅದು ಸರಿಯೂ ಹೌದು. ಖಾಸಗಿ ಸಂಸ್ಥೆಗೆ ಕಳುಹಿಸುವ ಕಾಗದದ ಕೆಲಸ ಇದಕ್ಕೆ ತದ್ವಿರುದ್ಧ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಸಮಸ್ಯೆ ಪರಿಚಿತವಾದದ್ದೇ. ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ, ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಒಳ್ಳೆಯ ಸರಕಿಗೂ ಕೆಟ್ಟ ಸರಕಿನ ಬೆಲೆಯೇ ಸಿಗುತ್ತದೆ ಎಂದು ತೋರಿಸಿಕೊಟ್ಟರು. ಮೈಕೇಲ್ ಸ್ಪೆನ್ಸ್ 1973ರಲ್ಲಿ ಇದೇ ವಿಚಾರವನ್ನು ಉದ್ಯೋಗ ಮಾರುಕಟ್ಟೆಗೆ ಅನ್ವಯಿಸಿದರು. ಉದ್ಯೋಗದಾತನಿಗೆ ಅಭ್ಯರ್ಥಿಯ ಸಾಮರ್ಥ್ಯ ನೇರವಾಗಿ ಕಾಣುವುದಿಲ್ಲ. ಆತ ಸಂಕೇತಗಳನ್ನು ಓದುತ್ತಾನೆ. ಅನರ್ಹನೂ ಅಷ್ಟೇ ಸುಲಭವಾಗಿ ಕೊಡಬಹುದಾದ ಸಂಕೇತಕ್ಕೆ ಬೆಲೆಯಿಲ್ಲ. ಇವರಿಬ್ಬರೂ ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ 2001ರ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು.

ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹೋದರೆ ಸಾಕು. ಗೂಡಿನೊಳಗೆ ಎಷ್ಟು ನೂಲಿದೆ ಎಂಬುದು ಕೊಳ್ಳುವ ರೀಲರ್‌ಗೆ ಕಾಣುವುದಿಲ್ಲ. ಆತ ರೈತನ ಮಾತನ್ನು ಕೇಳುತ್ತ ನಿಲ್ಲುವವನಲ್ಲ. ಒಂದು ಹಿಡಿ ಗೂಡು ಎತ್ತಿಕೊಂಡು ಅದುಮಿ ನೋಡುತ್ತಾನೆ, ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಕೋಶದ ಸದ್ದು ಕೇಳುತ್ತಾನೆ, ಕಲೆಗೂಡು, ಜೋಡಿಗೂಡುಗಳು ಎಷ್ಟಿವೆ ಎಂದು ಅಂದಾಜು ಮಾಡುತ್ತಾನೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾದೀತು ಎಂಬ ಲೆಕ್ಕಕ್ಕೆ ಅವರ ಭಾಷೆಯಲ್ಲಿ ರೆಂಡಿಟ್ಟ ಎಂದು ಹೆಸರು. ಆ ಸಂಖ್ಯೆ ಮನಸ್ಸಿನಲ್ಲಿ ಮೂಡಿದ ಮೇಲೆಯೇ ಹರಾಜಿನಲ್ಲಿ ಬೆಲೆ ಏರುವುದು. ಈಗ ಹರಾಜು ಇ-ಹರಾಜಾಗಿದೆ, ಕೈಯಿಂದ ಮುಟ್ಟಿ ನೋಡುವ ಪದ್ಧತಿ ಮಾತ್ರ ಹೋಗಿಲ್ಲ. ‘ನನ್ನದು ಪ್ರಾಮಾಣಿಕ ಗೂಡು, ಕಠಿಣ ಪರಿಶ್ರಮದ ಗೂಡು’ ಎಂದು ಚೀಟಿ ಅಂಟಿಸಿದರೆ ಯಾವ ರೀಲರ್ ಒಂದು ರೂಪಾಯಿ ಹೆಚ್ಚು ಕೊಟ್ಟಾನು? ನಮ್ಮ ಮಕ್ಕಳ ಸ್ವವಿವರಗಳು ಅಂತಹ ಚೀಟಿಗಳಾಗಿವೆ.

ಅದೇ ಶಿಡ್ಲಘಟ್ಟ ತಾಲ್ಲೂಕಿನ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳ ಸ್ವವಿವರವನ್ನು ನೋಡುತ್ತಿದ್ದೆ. ಲೆಕ್ಕಪತ್ರ ಸಹಾಯಕಿಯ ಹುದ್ದೆಗೆ ಅರ್ಜಿ ಹಾಕಲು ಹೊರಟಿದ್ದಳು. ಅನುಭವ ಎಂಬಲ್ಲಿ ‘ಇಲ್ಲ’ ಎಂದಿತ್ತು. ಮನೆಯಲ್ಲಿ ಏನು ಕಸುಬು ಎಂದು ವಿಚಾರಿಸಿದಾಗ, ತಂದೆ ಚಿಕ್ಕದೊಂದು ನೂಲು ಬಿಚ್ಚಾಣಿಕೆ ಘಟಕ ನಡೆಸುತ್ತಾರೆಂದಳು. ಲೆಕ್ಕ ಯಾರು ಬರೆಯುತ್ತಾರೆ? ತಾನೇ, ದ್ವಿತೀಯ ಪಿಯುಸಿಯಿಂದ. ದಿನವೂ ಕೊಂಡ ಗೂಡಿನ ತೂಕ ಮತ್ತು ದರ, ಬಂದ ನೂಲು, ಎಂಟು ಜನ ಕೆಲಸಗಾರರ ವಾರದ ಬಟವಾಡೆ, ಅವರು ಪಡೆದ ಮುಂಗಡದ ಕಡಿತ, ಸೌದೆಯ ಖರ್ಚು, ವ್ಯಾಪಾರಿಯಿಂದ ಬರಬೇಕಾದ ಬಾಕಿ ಎಲ್ಲವೂ ಮೊದಲು ಪುಸ್ತಕದಲ್ಲಿ, ಆಮೇಲೆ ಮೊಬೈಲಿನ ಎಕ್ಸೆಲ್‌ನಲ್ಲಿ. ಯಾವ ತಿಂಗಳು ನಷ್ಟವಾಯಿತು, ಏಕಾಯಿತು ಎಂಬುದನ್ನು ಬಾಯಿಪಾಠದಂತೆ ಹೇಳಿದಳು. ಇದನ್ನೇಕೆ ಬರೆದಿಲ್ಲ ಎಂದರೆ, ‘ಅದು ಮನೆ ಕೆಲಸ ಅಲ್ವಾ ಸರ್, ಅದನ್ನೂ ಬರೀಬೇಕಾ?’ ಎಂದು ಆಶ್ಚರ್ಯಪಟ್ಟಳು.

ಅಲ್ಲಿಯೇ ಕುಳಿತು ಆ ಭಾಗವನ್ನು ಹೊಸದಾಗಿ ಬರೆದೆವು. ಕುಟುಂಬದ ರೇಷ್ಮೆ ಘಟಕದಲ್ಲಿ ನಾಲ್ಕು ವರ್ಷಗಳಿಂದ ದೈನಂದಿನ ಖರೀದಿ ಮತ್ತು ಉತ್ಪಾದನೆಯ ಲೆಕ್ಕ. ಎಂಟು ಜನರ ವಾರದ ವೇತನ ಪಟ್ಟಿ. ಬಾಕಿ ವಸೂಲಿಯ ಪಟ್ಟಿ. ಎಕ್ಸೆಲ್‌ನಲ್ಲಿ ಮಾಸಿಕ ಲಾಭ-ನಷ್ಟ. ಇಷ್ಟೇ. ವಿಶೇಷಣ ಒಂದೂ ಇಲ್ಲ. ಇವುಗಳಲ್ಲಿ ಯಾವುದನ್ನು ಕುರಿತು ಪ್ರಶ್ನಿಸಿದರೂ ಆಕೆ ಹತ್ತು ನಿಮಿಷ ಮಾತನಾಡಬಲ್ಲಳು, ಆ ಕೆಲಸವನ್ನು ಮಾಡದವನು ಎರಡನೆಯ ಪ್ರಶ್ನೆಗೇ ತಡವರಿಸುತ್ತಾನೆ. ಸ್ಪೆನ್ಸ್ ಹೇಳಿದ ಸಂಕೇತ ಇದೇ ಬಗೆಯದು. ಶಾಲೆಯಿಂದ ಬಂದು ಹಿಪ್ಪುನೇರಳೆ ಸೊಪ್ಪು ಕೊಯ್ದವರು, ಹನಿ ನೀರಾವರಿಯ ಕೊಳವೆ ಸರಿಪಡಿಸಿದವರು, ನಸುಕಿನಲ್ಲಿ ಚಿಂತಾಮಣಿಯ ಮಂಡಿಗೆ ಟೊಮೆಟೊ ಸಾಗಿಸಿ ದಲ್ಲಾಳಿಯ ಚೀಟಿಯೊಂದಿಗೆ ತಾಳೆ ನೋಡಿದವರು, ಹಾಲಿನ ಡೇರಿಯಲ್ಲಿ ಕೊಬ್ಬಿನಂಶದ ಪರೀಕ್ಷೆ ಮಾಡಿದವರು ನಮ್ಮ ತರಗತಿಗಳಲ್ಲಿ ತುಂಬಿದ್ದಾರೆ. ಅನುಭವ ಎಂಬ ಅಂಕಣದಲ್ಲಿ ಅವರೆಲ್ಲರೂ ‘ಇಲ್ಲ’ ಎಂದೇ ಬರೆಯುತ್ತಾರೆ. ನಗರದ ಮಧ್ಯಮ ವರ್ಗದ ಹುಡುಗ ಎರಡು ವಾರಗಳ ಇಂಟರ್ನ್‌ಶಿಪ್ಪನ್ನು ಆರು ಸಾಲು ಬರೆಯುವಾಗ, ಹಳ್ಳಿಯ ಹುಡುಗಿ ನಾಲ್ಕು ವರ್ಷದ ದುಡಿಮೆಯನ್ನು ಒಂದು ಪದಕ್ಕೆ ಇಳಿಸುತ್ತಾಳೆ. ಸಂಬಳ ಬರದ ಕೆಲಸ ಕೆಲಸವೇ ಅಲ್ಲ ಎಂದು ಅವಳಿಗೆ ಕಲಿಸಿದವರು ಯಾರೆಂದು ಪೋಷಕರೂ ಅಧ್ಯಾಪಕರೂ ಯೋಚಿಸಬೇಕು.

ಈ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1951ರಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದಾಗ ಅದಕ್ಕೆ ಇಟ್ಟ ಹೆಸರೇ ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’. ಸ್ವಂತ ಬದುಕಿನ ಸಂಗತಿಗಳಿಗೆ ಅಲ್ಲಿ ಹೆಚ್ಚು ಜಾಗವಿಲ್ಲ. ಸಕ್ಕರ್‌ನ ನೀರು ಸರಬರಾಜು, ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ತೂಬುಗಳು, 1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿನ ಕೆಲಸ, ಕೃಷ್ಣರಾಜಸಾಗರ, 1912ರಿಂದ 1918ರವರೆಗಿನ ದಿವಾನಗಿರಿ – ಎಲ್ಲಿ, ಯಾವ ಸಮಸ್ಯೆ ಇತ್ತು, ಏನು ಮಾಡಲಾಯಿತು ಎಂಬ ಕ್ರಮ. ಪ್ರತಿ ಸೆಪ್ಟೆಂಬರ್ 15ರಂದು ಅವರ ಭಾವಚಿತ್ರಕ್ಕೆ ಹಾರ ಹಾಕುವ ಕಾಲೇಜುಗಳು ಆ ಪುಸ್ತಕದ ಹತ್ತು ಪುಟಗಳನ್ನು ಓದಿಸಿದರೆ ಸ್ವವಿವರ ಬರೆಯುವ ಪಾಠ ಬೇರೆ ಬೇಕಾಗದು.

ಭಾಷೆಯ ಅಂಕಣವನ್ನೂ ಪ್ರಸ್ತಾಪಿಸಬೇಕು. ಇದು ಗಡಿನಾಡು. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ನಾಡು. ಗೌರಿಬಿದನೂರಿನಿಂದ ಒಂದಿಷ್ಟು ಮುಂದೆ ಹೋದರೆ ಹಿಂದೂಪುರ. ಅನೇಕರ ಮನೆಮಾತು ತೆಲುಗು, ಇನ್ನನೇಕರದು ಉರ್ದು. ಬೀದಿಯಲ್ಲಿ, ಶಾಲೆಯಲ್ಲಿ ಕನ್ನಡ. ಆದರೂ ಬಲ್ಲ ಭಾಷೆಗಳು ಎಂಬಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎಂದಷ್ಟೇ ಬರೆಯುತ್ತಾರೆ. ಇಂಗ್ಲಿಷ್ ಎಂದು ಬರೆಯುವಾಗ ಕೈ ನಡುಗುತ್ತದೆ, ತೆಲುಗು ನೆನಪಿಗೇ ಬರುವುದಿಲ್ಲ. ಗ್ರಾಹಕರೊಡನೆ ಮೂರು ಭಾಷೆಗಳಲ್ಲಿ ವ್ಯವಹರಿಸಬಲ್ಲವರಿಗೆ ಬೆಂಗಳೂರಿನ ಬ್ಯಾಂಕು, ಆಸ್ಪತ್ರೆ, ಮಳಿಗೆ, ಸಾಗಣೆ ಕಂಪನಿಗಳಲ್ಲಿ ಎಷ್ಟು ಬೇಡಿಕೆಯಿದೆ ಎಂಬುದನ್ನು ಇವರಿಗೆ ಹೇಳುವವರಿಲ್ಲ. ಓದಲು ಬಾರದಿದ್ದರೆ ‘ಮಾತನಾಡಬಲ್ಲೆ’ ಎಂದು ಬರೆಯಲಿ, ಅದು ಸತ್ಯವೂ ಹೌದು.

ಗೌರಿಬಿದನೂರಿನ ಐಟಿಐ ಹುಡುಗರ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಫಿಟ್ಟರ್ ಆದವನಿಗೆ ಜೀವನದ ಗುರಿಯ ಸಾಲು ಬೇಡ. ಯಾವ ಯಂತ್ರದ ಮೇಲೆ ಕೆಲಸ ಮಾಡಿದ್ದಾನೆ, ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರ್ ಹಿಡಿದು ಅಳೆಯಬಲ್ಲನೇ, ನಕ್ಷೆ ಓದಬಲ್ಲನೇ, ಅಪ್ರೆಂಟಿಸ್ ತರಬೇತಿ ಎಲ್ಲಿ, ಎಷ್ಟು ತಿಂಗಳು – ಅರ್ಧ ಪುಟ ಸಾಕು. ರಾತ್ರಿ ಪಾಳಿಗೆ ಸಿದ್ಧ ಎಂಬ ಒಂದು ಸಾಲು ಅರ್ಧ ಪುಟದ ಗುಣಗಾನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಇನ್ನೊಂದು ವರ್ಗ. ಚಿಂತಾಮಣಿಯಲ್ಲಿ ಭೇಟಿಯಾದ ಒಬ್ಬ ಪದವೀಧರನಿಗೆ ಇಪ್ಪತ್ತೊಂಬತ್ತು ವರ್ಷ. ಪದವಿ ಮುಗಿದ ಮೇಲೆ ಏಳು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿದ್ದಾನೆ. ಆ ಏಳು ವರ್ಷ ಸ್ವವಿವರದಲ್ಲಿ ಖಾಲಿ. ಕಂಪನಿಯವರು ಕೇಳುವ ಮೊದಲ ಪ್ರಶ್ನೆಯೇ ಅದು. ಆದರೆ ಆ ಖಾಲಿ ಜಾಗದ ಹೊಣೆ ಪೂರ್ತಿಯಾಗಿ ಅವನದೇ? 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟಿನಲ್ಲಿ ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಅನುವಾದದ ಎಡವಟ್ಟುಗಳು ಕಂಡುಬಂದು ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ ನಡೆಸಬೇಕಾಯಿತು. ವ್ಯವಸ್ಥೆ ನುಂಗಿದ ವರ್ಷಗಳಿಗೆ ಯುವಕರು ಸಂದರ್ಶನದ ಕೊಠಡಿಯಲ್ಲಿ ತಲೆತಗ್ಗಿಸುವುದು ನ್ಯಾಯವಲ್ಲ. ಆ ಅವಧಿಯನ್ನು ಮುಚ್ಚಿಡಬೇಡ, ಬರೆ ಎಂದು ಅವನಿಗೆ ಹೇಳಿದೆ. ಯಾವ ಪರೀಕ್ಷೆ, ಯಾವ ಹಂತದವರೆಗೆ, ಯಾವ ವರ್ಷ; ಆ ನಡುವೆ ಜೀವನ ನಿರ್ವಹಣೆಗೆ ಮಾಡಿದ್ದೇನು. ಅವನು ಸಂಜೆ ಹೊತ್ತು ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ. ಅದೂ ‘ಇಲ್ಲ’ ಎಂಬ ಪದದ ಕೆಳಗೆ ಹೂತುಹೋಗಿತ್ತು.

ಇಂತಹ ಖಾಲಿ ವರ್ಷಗಳನ್ನು ತುಂಬಿಕೊಡುವ ದಂಧೆಯೂ ಬೆಳೆದಿದೆ. ಹಣ ಕೊಟ್ಟರೆ ಎರಡು ವರ್ಷದ ಅನುಭವ ಪತ್ರ, ಸಂಬಳದ ಚೀಟಿ ಸಿದ್ಧ. ನೀತಿಯ ಮಾತು ಒತ್ತಟ್ಟಿಗಿರಲಿ, ಇದು ಲೆಕ್ಕಾಚಾರದಲ್ಲಿಯೇ ಮೂರ್ಖತನ. ಭವಿಷ್ಯ ನಿಧಿಗೆ 2014ರಲ್ಲಿ ಯುಎಎನ್ ಎಂಬ ಏಕರೂಪದ ಸಂಖ್ಯೆ ಬಂದ ಮೇಲೆ ಒಬ್ಬ ವ್ಯಕ್ತಿ ಯಾವ ಸಂಸ್ಥೆಯಲ್ಲಿ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಇದ್ದನೆಂಬ ಇತಿಹಾಸ ಒಂದೇ ಕಡೆ ಸಿಗುತ್ತದೆ. ದೊಡ್ಡ ಸಂಸ್ಥೆಗಳು ಹಿನ್ನೆಲೆ ಪರಿಶೀಲನೆಗೆಂದೇ ಬೇರೆ ಕಂಪನಿಗಳನ್ನು ನೇಮಿಸಿಕೊಳ್ಳುತ್ತವೆ. ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೆ ಸುಳ್ಳು ಹೊರಬಿದ್ದು ಮನೆಗೆ ಬಂದವರಿಗೆ ಆಮೇಲೆ ನಿಜವಾದ ಅನುಭವವನ್ನೂ ಯಾರೂ ನಂಬುವುದಿಲ್ಲ. ನೋಂದಣಿ ಶುಲ್ಕ, ತರಬೇತಿ ಠೇವಣಿ ಎಂದು ಮೊದಲೇ ಹಣ ಕೇಳುವವರಿಗೆ ಸ್ವವಿವರವನ್ನು ಕಳುಹಿಸಲೇಬಾರದು. ಅದರಲ್ಲಿ ಜನ್ಮದಿನಾಂಕ, ಆಧಾರ್ ಸಂಖ್ಯೆ, ಪೂರ್ಣ ವಿಳಾಸ ಇರಬೇಕಾದ ಅಗತ್ಯವೂ ಇಲ್ಲ. ಊರು, ತಾಲ್ಲೂಕು ಸಾಕು. ಬೆಂಗಳೂರಿಗೆ ಬಂದು ನೆಲೆಸಲು ಅಥವಾ ದಿನವೂ ಓಡಾಡಲು ಸಿದ್ಧ ಎಂಬ ಮಾತನ್ನು ಅದರ ಪಕ್ಕದಲ್ಲೇ ಬರೆಯಬೇಕು. ಊರ ಹೆಸರು ನೋಡಿಯೇ ‘ದೂರವಾಯಿತು’ ಎಂದು ಬದಿಗಿಡುವವರಿದ್ದಾರೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದ ಮೇಲೆ ಚಿಕ್ಕಬಳ್ಳಾಪುರದಿಂದ ಉದ್ಯೋಗದ ದೂರ ಎಷ್ಟು ಕಡಿಮೆಯಾಗಿದೆ ಎಂಬುದು ಜಯನಗರದಲ್ಲಿ ಕುಳಿತ ಅಧಿಕಾರಿಗೆ ಗೊತ್ತಿರಲಾರದು.

ಈಗ ಮೊದಲ ಓದುಗ ಮನುಷ್ಯನೇ ಆಗಿರಬೇಕೆಂದೂ ಇಲ್ಲ. ಸಾವಿರಾರು ಅರ್ಜಿಗಳು ಬರುವ ಕಡೆ ತಂತ್ರಾಂಶವೇ ಪದಗಳನ್ನು ಹುಡುಕಿ ಜರಡಿ ಹಿಡಿಯುತ್ತದೆ. ಅಂಗಡಿಯವನು ಹಾಕಿಕೊಡುವ ಬಣ್ಣದ ಅಂಚು, ಎರಡು ಅಂಕಣ, ಚೌಕಗಳೊಳಗೆ ಚೌಕ ಆ ಯಂತ್ರವನ್ನು ಗೊಂದಲಕ್ಕೀಡುಮಾಡುತ್ತವೆ. ಜಾಹೀರಾತಿನಲ್ಲಿ ‘ಟ್ಯಾಲಿ’, ‘ಜಿಎಸ್‌ಟಿ ರಿಟರ್ನ್ಸ್’ ಎಂದಿದ್ದರೆ, ಬಲ್ಲವರು ಅದೇ ಪದಗಳನ್ನು ಬರೆಯಬೇಕು; ಗಣಕ ಜ್ಞಾನವಿದೆ ಎಂದರೆ ಯಂತ್ರಕ್ಕೆ ಅರ್ಥವಾಗದು, ಮನುಷ್ಯನಿಗೂ ಅಷ್ಟಕ್ಕಷ್ಟೆ. ಹೆಸರಿನ ಗೋಜಲು ಬೇರೆ. ನಮ್ಮಲ್ಲಿ ತಂದೆಯ ಹೆಸರಿನ, ಊರಿನ ಹೆಸರಿನ ಮೊದಲಕ್ಷರ ಸೇರಿಸುವುದು ರೂಢಿ. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು, ಸ್ವವಿವರದಲ್ಲಿ ಮತ್ತೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಎಲ್ಲೆಡೆ ಬಳಸುವುದು ಕ್ಷೇಮ. ಇಂಗ್ಲಿಷಿನಲ್ಲಿ ಸಿಡ್ಲಘಟ್ಟವೋ ಶಿಡ್ಲಘಟ್ಟವೋ ಎಂಬುದನ್ನು ಸರ್ಕಾರದ ಫಲಕಗಳೇ ಇನ್ನೂ ತೀರ್ಮಾನಿಸಿಲ್ಲವಾದ್ದರಿಂದ ಆ ಬಗ್ಗೆ ಮಕ್ಕಳನ್ನು ದೂರಲಾರೆ.

ಸರ್ಕಾರದ ಪಾತ್ರವೇನು ಎಂದು ಓದುಗರು ಕೇಳಬಹುದು. ರೇಷ್ಮೆಗೂಡು ಮಾರುಕಟ್ಟೆಯ ಹೊರಗೆ ಮಾರಾಟವಾಗದಂತೆ ನಿಯಂತ್ರಿಸುವ ರಾಜ್ಯದ ಕಾಯ್ದೆ 1959ರದು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಗಳಿಗೆ ತಿಳಿಸಬೇಕೆಂದ ಕೇಂದ್ರದ ಕಾಯ್ದೆಯೂ 1959ರದೇ. ಮೊದಲನೆಯದು ಶಿಡ್ಲಘಟ್ಟದಲ್ಲಿ ದಿನವೂ ಹರಾಜು ನಡೆಯುವ ಜೀವಂತ ಮಾರುಕಟ್ಟೆಯನ್ನು ಕೊಟ್ಟಿತು. ಎರಡನೆಯದು ಹುದ್ದೆಯನ್ನು ತಿಳಿಸಬೇಕೆಂದಿತೇ ಹೊರತು ಕೇಂದ್ರದ ಮೂಲಕವೇ ನೇಮಿಸಿಕೊಳ್ಳಬೇಕೆಂದು ಹೇಳಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೇಮಕಾತಿಯನ್ನು ವಿನಿಮಯ ಕೇಂದ್ರದ ಪಟ್ಟಿಗೆ ಸೀಮಿತಗೊಳಿಸದೆ ಪತ್ರಿಕೆಗಳಲ್ಲೂ ಪ್ರಕಟಿಸಬೇಕೆಂದಿತು. ಆ ಮೇಲೆ ಕೇಂದ್ರದ ನೋಂದಣಿ ಚೀಟಿ ಪೆಟ್ಟಿಗೆಯ ತಳ ಸೇರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅದಕ್ಕೆ ‘ವೃತ್ತಿ ಕೇಂದ್ರ’ ಎಂಬ ಹೊಸ ಹೆಸರು ಬಂದಿದೆ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಸ್ಥಳೀಯರಿಗೆ ಉದ್ಯೋಗದ ಬಗ್ಗೆ ವರದಿ ಕೊಟ್ಟಿತು. 2024ರ ಜುಲೈನಲ್ಲಿ ಸಚಿವ ಸಂಪುಟ ಅನುಮೋದಿಸಿದ ಸ್ಥಳೀಯ ಮೀಸಲಾತಿ ಮಸೂದೆ ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ಈ ದೊಡ್ಡ ಚರ್ಚೆಗಳು ನಡೆಯಲಿ. ಅವುಗಳ ನಡುವೆ ಪ್ರತಿ ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ವಾರಕ್ಕೆ ಎರಡು ದಿನ, ಎದುರಿಗೆ ಕುಳಿತು ‘ನೀನು ಏನೇನು ಕೆಲಸ ಮಾಡಿದ್ದೀಯಮ್ಮಾ?’ ಎಂದು ಕೇಳಿ ಬರೆಸುವ ಒಬ್ಬ ವ್ಯಕ್ತಿಯನ್ನು ಕೂರಿಸಲು ಯಾವ ಕಾಯ್ದೆಯೂ ಬೇಕಾಗಿಲ್ಲ. ನಿವೃತ್ತ ಬ್ಯಾಂಕ್ ನೌಕರರು, ಅಧ್ಯಾಪಕರು ಈ ಊರುಗಳಲ್ಲಿ ಬೇಕಾದಷ್ಟಿದ್ದಾರೆ.

ಹಾಗೆ ಕೇಳುವವರು ದೂರವಾಣಿ ಸಂಖ್ಯೆ ಯಾರದೆಂಬುದನ್ನೂ ಕೇಳಬೇಕು. ಹೆಣ್ಣುಮಕ್ಕಳ ಸ್ವವಿವರದಲ್ಲಿ ಅನೇಕ ವೇಳೆ ಇರುವುದು ತಂದೆಯ ಅಥವಾ ಅಣ್ಣನ ಸಂಖ್ಯೆ. ಗೌರಿಬಿದನೂರಿನ ಕಡೆಯ ಹಳ್ಳಿಯೊಂದರ ಹುಡುಗಿ, ಬಿ.ಎಸ್ಸಿ. ಮುಗಿಸಿದವಳು, ಔಷಧ ಕಂಪನಿಯೊಂದರ ಪ್ರಯೋಗಾಲಯದ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸ್ವವಿವರ ಚೆನ್ನಾಗಿಯೇ ಇತ್ತು. ಕಂಪನಿಯವರು ಸಂದರ್ಶನಕ್ಕೆ ಕರೆಯಲು ಫೋನ್ ಮಾಡಿದರು. ಎತ್ತಿದವನು ಅಣ್ಣ. ಹೊಲದಲ್ಲಿದ್ದವನು, ‘ಅವಳನ್ನು ಅಷ್ಟು ದೂರ ಕಳಿಸಲ್ಲ’ ಎಂದು ಹೇಳಿ ಇಟ್ಟುಬಿಟ್ಟ. ಕರೆ ಬಂದಿತ್ತೆಂಬ ಸಂಗತಿ ಅವಳಿಗೆ ತಿಳಿದದ್ದು ಮೂರು ವಾರಗಳ ನಂತರ, ಬೇರೇನೋ ಮಾತಿನ ನಡುವೆ. ಅವಳ ಈಗಿನ ಸ್ವವಿವರದಲ್ಲಿ ಅವಳದೇ ಸಂಖ್ಯೆಯಿದೆ. ಸಿಮ್ಮಿನ ಹಣವನ್ನು ತಾಯಿ ಹಾಲಿನ ಬಟವಾಡೆಯಲ್ಲಿ ಉಳಿಸಿ ಕೊಟ್ಟರಂತೆ.